ಕವಿಯ ನಾಲ್ಕನೆಯ ಜಾವ

ರಾಜಶೇಖರನ ‘ಕಾವ್ಯಮೀಮಾಂಸೆ’ಯ ಹತ್ತನೆಯ ಅಧ್ಯಾಯದಲ್ಲಿ, ಬರೆದ ಕಾವ್ಯಗಳು ಹಾಳಾಗಿ ಹೋಗುವುದಕ್ಕೆ ಕಾರಣಗಳಾವುವೆಂಬುದರ ಒಂದು ಪಟ್ಟಿಯುಂಟು. ಪರರ ವಶದಲ್ಲಿ ಇಡುವುದು, ಮಾರುವುದು, ದಾನಮಾಡುವುದು, ಕವಿಯು ದೇಶಬಿಟ್ಟು ಹೋಗುವುದು, ಅಲ್ಪಾಯುವಾಗುವುದು, ಬೆಂಕಿ, ನೀರು ಇವೆಲ್ಲವೂ ಅದರಲ್ಲಿವೆ. ಇವು ಯಾರೂ ಊಹಿಸಬಹುದಾದ ವಿಪತ್ತುಗಳೇ. ಆದರೆ ಪಟ್ಟಿಯು ಅಲ್ಲಿಗೆ ನಿಲ್ಲುವುದಿಲ್ಲ. ‘ಮುಂದೆ ಎಂದಾದರೂ ಮುಗಿಸಿದರಾಯಿತು’, ‘ಇನ್ನೊಮ್ಮೆ ತಿದ್ದಿದರಾಯಿತು’, ‘ಗೆಳೆಯರೊಡನೆ ಕುಳಿತು ವಿಚಾರಿಸಿದರಾಯಿತು’ ಎಂಬ ಮೂರು ಸಂಕಲ್ಪಗಳನ್ನೂ ಆತನು ಕಾವ್ಯನಾಶದ ಹೇತುಗಳಲ್ಲಿ ಎಣಿಸಿ, ಅವುಗಳ ಪಕ್ಕದಲ್ಲಿಯೇ ರಾಷ್ಟ್ರದ ಕ್ಷೋಭೆಯನ್ನು ಇಟ್ಟಿದ್ದಾನೆ. ಗೆಳೆಯರಿಗೆ ತೋರಿಸಿ ಕೇಳೋಣವೆಂಬ ನಿರುಪದ್ರವವಾದ ಮಾತಿಗೂ ಪರಚಕ್ರದ ದಾಳಿಗೂ ಒಂದೇ ಪಂಕ್ತಿ!

ಇದಕ್ಕಿಂತ ಸೋಜಿಗವಾದುದೆಂದರೆ, ಬರೆದುದನ್ನು ಇತರರ ಕೈಯಲ್ಲಿ ಪರೀಕ್ಷೆಮಾಡಿಸಲೇಬೇಕೆಂದು ಅದೇ ಅಧ್ಯಾಯದಲ್ಲಿ ಅದೇ ರಾಜಶೇಖರನೇ ವಿಧಿಸಿರುವುದು. ಮಾಡುವವನಿಗೆ ಕಾಣದುದು ತಟಸ್ಥನಾಗಿ ನೋಡುವವನಿಗೆ ಕಾಣುವುದೆಂಬುದು ಅವನ ಮತ. ಇವೆರಡು ಮಾತುಗಳೂ ಒಬ್ಬನ ಬಾಯಿಂದಲೇ ಹೇಗೆ ಬಂದುವು? ಇದನ್ನು ತಿಳಿಯಬೇಕಾದರೆ ನಮ್ಮ ದೇಶದಲ್ಲಿ ಕವಿತೆಯನ್ನು ಕಟ್ಟುತ್ತಿದ್ದವರು ಅದನ್ನು ಮೊದಲು ಯಾರ ಮುಂದೆ, ಯಾವ ಹೊತ್ತಿನಲ್ಲಿ, ಯಾವ ಕಟ್ಟುಪಾಡಿಗೆ ಒಳಗಾಗಿ ಓದುತ್ತಿದ್ದರೆಂಬುದನ್ನು ಸ್ವಲ್ಪ ವಿಚಾರಿಸಬೇಕು.

ರಾಜಶೇಖರನು ಯಾಯಾವರ ವಂಶದವನು. ಕನೋಜದ ಪ್ರತೀಹಾರ ದೊರೆ ಮಹೇಂದ್ರಪಾಲನ ಆಶ್ರಯದಲ್ಲಿಯೂ ಅವನ ಮಗ ಮಹೀಪಾಲನ ಆಶ್ರಯದಲ್ಲಿಯೂ ಇದ್ದವನು. ಎಂದರೆ ಕ್ರಿ.ಶ. ೯೦೦ರ ಹಿಂದುಮುಂದಿನ ಕಾಲದವನು. ‘ಕರ್ಪೂರಮಂಜರಿ’ಯ ಕರ್ತೃವೆಂದು ಅವನ ಹೆಸರು ಎಂದೂ ಮರೆಯಾಗಿರಲಿಲ್ಲವಾದರೂ, ‘ಕಾವ್ಯಮೀಮಾಂಸೆ’ಯು ಅಚ್ಚಾದುದು ೧೯೧೬ರಲ್ಲಿ, ಬಡೋದೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ ಮೊದಲನೆಯ ಪುಷ್ಪವಾಗಿ. ಹದಿನೆಂಟು ಅಧಿಕರಣಗಳಾಗಿ ಯೋಜಿತವಾಗಿದ್ದ ಗ್ರಂಥದಲ್ಲಿ ‘ಕವಿರಹಸ್ಯ’ವೆಂಬ ಮೊದಲನೆಯ ಅಧಿಕರಣವೊಂದೇ ಇಂದು ದೊರೆತಿರುವುದು. ದೊರೆತ ಅಷ್ಟರಲ್ಲಿಯೇ ಕವಿಯ ಮನೆ, ಅವನ ದಿನಚರಿ, ಗೆಳೆಯರು, ಶತ್ರುಗಳು, ಲೇಖನಸಾಮಗ್ರಿಗಳು ಎಲ್ಲವೂ ಬಂದಿರುವುದು ನಮ್ಮ ಪುಣ್ಯ. ಇತರ ಆಲಂಕಾರಿಕರು ಕಾವ್ಯದ ವಿಚಾರವನ್ನು ಹೇಳಿದರೇ ಹೊರತು ಕಾವ್ಯ ಬರೆಯುವ ಮನುಷ್ಯನ ವಿಚಾರವನ್ನು ಇಷ್ಟಾಗಿ ಹೇಳಲಿಲ್ಲ.

ಆದರೆ ಗೋಷ್ಠಿಯು ರಾಜಶೇಖರನ ಕಾಲದಲ್ಲಿ ಹೊಸದಾಗಿರಲಿಲ್ಲ. ಅವನಿಗೆ ಹಲವು ಶತಮಾನಗಳ ಹಿಂದಿನವನಾದ ವಾತ್ಸ್ಯಾಯನನು ‘ಕಾಮಸೂತ್ರ’ದ ನಾಗರಕವೃತ್ತ ಪ್ರಕರಣದಲ್ಲಿ ಅದರ ಲಕ್ಷಣವನ್ನು ಕೊಟ್ಟಿದ್ದಾನೆ. ಅಲ್ಲಿಯ ನಾಗರಕನು ಕವಿತೆಯಿಂದ ಹೊಟ್ಟೆಹೊರೆಯುವವನಲ್ಲ. ಅವನ ಕೋಣೆಯ ಗೂಟದಲ್ಲಿ ವೀಣೆ ತೂಗುತ್ತಿರುವುದು. ಚಿತ್ರಫಲಕವೂ ಕುಂಚಗಳ ಪೆಟ್ಟಿಗೆಯೂ ಯಾವುದೋ ಒಂದು ಪುಸ್ತಕವೂ ಕೈಗೆಟುಕುವಂತಿರುವುವು. ವಿದ್ಯೆ, ಬುದ್ಧಿ, ಶೀಲ, ವಿತ್ತ, ವಯಸ್ಸು ಇವುಗಳಲ್ಲಿ ಸಮಾನರಾದವರು ಒಬ್ಬರ ಮನೆಯಲ್ಲಿಯೋ ಸಭೆಯಲ್ಲಿಯೋ ಗಣಿಕೆಯ ಮನೆಯಲ್ಲಿಯೋ ಸೇರಿ, ಅನುರೂಪವಾದ ಮಾತುಕಥೆಗಳೊಡನೆ ಕುಳಿತುಕೊಳ್ಳುವುದೇ ಗೋಷ್ಠಿ. ಕಾವ್ಯಸಮಸ್ಯೆ, ಕಲಾಸಮಸ್ಯೆಗಳು ಅಲ್ಲಿಯ ವಿನೋದ. ಪಕ್ಷಕ್ಕೋ ತಿಂಗಳಿಗೋ ಒಮ್ಮೆ, ನಿಯತವಾದ ದಿನ, ಸರಸ್ವತಿಯ ಗುಡಿಯಲ್ಲಿ ಸಮಾಜವು ಸೇರುವುದುಂಟು. ಸಂಸ್ಕೃತವನ್ನೇ ಅತಿಯಾಗಿ ಆಡದೆ, ದೇಶಭಾಷೆಯನ್ನೇ ಅತಿಯಾಗಿ ಆಡದೆ ಮಾತಾಡುವವನಿಗೆ ಗೋಷ್ಠಿಯಲ್ಲಿ ಮನ್ನಣೆಯೆಂದೂ, ಜನರು ಹಳಿಯುವ, ಅಂಕೆಯಿಲ್ಲದ, ಪರಹಿಂಸೆಯಲ್ಲಿಯೇ ತೊಡಗಿದ ಗೋಷ್ಠಿಯ ಕಡೆಗೆ ಜಾಣನಾದವನು ಹೆಜ್ಜೆಯಿಡಬಾರದೆಂದೂ ವಾತ್ಸ್ಯಾಯನನು ಎಚ್ಚರಿಸಿದ್ದಾನೆ. ಪರಹಿಂಸೆಯ ಮಾತು ಅಷ್ಟು ಹಿಂದೆಯೇ ಬಂದಿರುವುದನ್ನು ವಾಚಕರು ಗಮನಿಸಬೇಕು. ನಾಲ್ವರು ಕೂಡಿ ಒಬ್ಬನ ಪದ್ಯವನ್ನು ಎದುರಿಗಿಟ್ಟುಕೊಂಡಲ್ಲಿ ಆ ಅಪಾಯವು ಹುಟ್ಟದೆ ಇರದು.

ರಾಜಶೇಖರನು ಚಿತ್ರಿಸುವ ಕವಿಯೂ ಹೆಚ್ಚುಕಡಮೆ ಈ ನಾಗರಕನ ವಂಶದವನೇ. ಆದರೆ ಇವನಿಗೆ ಕವಿತೆಯು ವಿನೋದಮಾತ್ರವಲ್ಲ, ವ್ರತ. ಗುಡಿಸಿ ಸಾರಿಸಿದ ಮನೆ, ಆರು ಋತುಗಳಿಗೂ ಒಪ್ಪುವ ತಾಣಗಳು, ತೋಟ, ಕೊಳ. ಬಳಿಯಲ್ಲಿ ಪೆಟ್ಟಿಗೆ, ಹಲಗೆ, ಬಳಪ, ಮಸಿಕುಡಿಕೆ, ತಾಳೆಯೋಲೆ ಅಥವಾ ಭೂರ್ಜಪತ್ರ. ಇವುಗಳೊಡನೆ ನುಣ್ಣಗೆ ಮಾಡಿದ ಗೋಡೆಯೂ ಇರಬೇಕಂತೆ. ದಿನವೂ ರಾತ್ರಿಯೂ ನಾಲ್ಕು ನಾಲ್ಕು ಜಾವಗಳಾಗಿ ಹಂಚಲ್ಪಟ್ಟಿವೆ. ಹಗಲಿನ ಮೊದಲನೆಯ ಜಾವದಲ್ಲಿ ಶಾಸ್ತ್ರಾಭ್ಯಾಸ, ಎರಡನೆಯದರಲ್ಲಿ ಕಾವ್ಯರಚನೆ, ಮಧ್ಯಾಹ್ನದ ಸ್ನಾನಭೋಜನಗಳಾದ ಮೇಲೆ ಮೂರನೆಯದರಲ್ಲಿ ಕಾವ್ಯಗೋಷ್ಠಿ, ಸಮಸ್ಯಾಪೂರಣ, ಪ್ರಶ್ನೋತ್ತರ. ನಾಲ್ಕನೆಯ ಜಾವವು ಬಂದಾಗ ಕವಿಯು ಒಬ್ಬನೇ ಆಗಲಿ, ಅಥವಾ ಎಣಿಸಿದ ಕೆಲವರೊಡನಾಗಲಿ ಕುಳಿತು, ಪೂರ್ವಾಹ್ಣದಲ್ಲಿ ತಾನು ರಚಿಸಿದುದನ್ನು ಪರೀಕ್ಷಿಸಬೇಕು.

ಈ ನಾಲ್ಕನೆಯ ಜಾವಕ್ಕೆ ಅವನು ಕೊಡುವ ಕಾರಣವು ಬಹು ಸೂಕ್ಷ್ಮವಾದುದು. ರಸದ ಆವೇಶದಲ್ಲಿ ರಚಿಸುತ್ತಿರುವವನಿಗೆ ವಿವೇಚಿಸುವ ಕಣ್ಣು ತೆರೆದಿರುವುದಿಲ್ಲ. ಆದುದರಿಂದ ಆವೇಶವು ಇಳಿದ ಹೊತ್ತಿನಲ್ಲಿ ನೋಡಬೇಕು. ನೋಡಿ ಏನು ಮಾಡಬೇಕು? ಹೆಚ್ಚಾದುದನ್ನು ತೆಗೆಯಬೇಕು, ಕಡಮೆಯಾದುದನ್ನು ತುಂಬಬೇಕು, ಎಡೆತಪ್ಪಿದುದನ್ನು ಅದರ ಎಡೆಗೆ ಸೇರಿಸಬೇಕು, ಮರೆತುದನ್ನು ನೆನೆದು ಕೂಡಿಸಬೇಕು. ಸಾಯಂಸಂಧ್ಯೆಯನ್ನೂ ಸರಸ್ವತಿಯನ್ನೂ ಉಪಾಸಿಸಿದ ಮೇಲೆ ರಾತ್ರಿಯ ಮೊದಲ ಜಾವದಲ್ಲಿ ಪರೀಕ್ಷೆಗೆ ನಿಂತ ಭಾಗವನ್ನು ಶುದ್ಧಪ್ರತಿಮಾಡಬೇಕು. ರಚನೆಗೂ ಪರೀಕ್ಷೆಗೂ ನಡುವೆ ಊಟ, ಗೋಷ್ಠಿಗಳಿಂದ ಒಂದು ಜಾವದ ಅಂತರ. ಪರೀಕ್ಷೆಯಾದ ಮೇಲೆ ಲೇಖನಕ್ಕೆ ತಡವಿಲ್ಲ. ಇಲ್ಲಿ ಮೊದಲಿನ ಒಗಟು ಬಿಡಿಸಿಕೊಳ್ಳುವುದು. ಗೆಳೆಯರೊಡನೆ ವಿಚಾರಿಸುವುದು ಕೆಡುಕಲ್ಲ. ‘ವಿಚಾರಿಸುವೆನು’ ಎಂದು ಮುಂದಕ್ಕೆ ಹಾಕುವುದು ಕೆಡುಕು. ಬೆಳಗ್ಗೆ ಹುಟ್ಟಿದುದು ಸಂಜೆಗೆ ಗೆಳೆಯರ ಕಿವಿಗೆ ಬಿದ್ದು ರಾತ್ರಿಗೆ ಓಲೆಯ ಮೇಲೆ ನಿಲ್ಲಬೇಕು. ಹಾಗಲ್ಲದೆ ಎಂದೋ ಸೇರುವ ಗೆಳೆಯರನ್ನು ಕಾಯುತ್ತ ಕೂತ ಕವಿಯ ಓಲೆಗಳಿಗೆ ಗೆಳೆಯರಿಗಿಂತ ಮೊದಲು ಗೆದ್ದಲು ಬರುವುದು. ಮುಗಿದ ಕಾವ್ಯಕ್ಕೆ ಹಲವು ಪ್ರತಿಗಳನ್ನು ಮಾಡಿಸಬೇಕೆಂಬ ವಿಧಿಯನ್ನೂ ಅವನು ಮರೆತಿಲ್ಲ.

ಇನ್ನು ಯಾರಿಗೆ ತೋರಿಸಬೇಕೆಂಬ ಪ್ರಶ್ನೆ. ಇಲ್ಲಿ ರಾಜಶೇಖರನ ಅನುಭವವು ಕಹಿಯಾಗಿಯೂ ಇದ್ದಂತೆ ತೋರುವುದು. ಅರ್ಧ ಕಟ್ಟಿದ ಕಾವ್ಯವನ್ನು ಯಾರ ಮುಂದೆಯೂ ಓದಬಾರದು. ಓದಿದರೆ ಅದು ಮುಗಿಯದು. ಹೊಸ ಕಾವ್ಯವನ್ನು ಒಬ್ಬನೇ ಒಬ್ಬನ ಮುಂದೆ ಓದಬಾರದು. ನಾಳೆ ಅವನು ‘ಇದು ನನ್ನದು’ ಎಂದರೆ ಸಾಕ್ಷಿ ಹೇಳುವವರಾರು? ತನ್ನನ್ನು ತಾನೇ ಕವಿಯೆಂದು ಬಗೆದುಕೊಂಡು ಬೀಗುವವನಿಗೆ, ಎಂದರೆ ಕವಿಮಾನಿಗೆ, ಒಳ್ಳೆಯ ಪದ್ಯವನ್ನು ತೋರಿಸುವುದು ಅಡವಿಯಲ್ಲಿ ಕೂಗಿಕೊಂಡಂತೆ. ಅಂಥವನನ್ನು ಅವನ ಇಚ್ಛೆಗೆ ಅನುಸರಿಸಿ ಸಂತೋಷಪಡಿಸಿ ಕಳುಹಿಸುವುದೇ ಲೇಸಂತೆ. ಈ ಕೊನೆಯ ಉಪಾಯದಲ್ಲಿ ಧರ್ಮಕ್ಕಿಂತ ಲೋಕಾನುಭವವೇ ಹೆಚ್ಚು.

ಕಳವಿನ ಭಯವು ಬರಿಯ ಸಂಶಯವಾಗಿರಲಿಲ್ಲ. ಪರರ ಶಬ್ದವನ್ನೂ ಅರ್ಥವನ್ನೂ ಅಪಹರಿಸುವುದರ ವಿಷಯವಾಗಿಯೇ ‘ಕಾವ್ಯಮೀಮಾಂಸೆ’ಯಲ್ಲಿ ಮೂರು ಅಧ್ಯಾಯಗಳಿವೆ. ಕಳ್ಳನಲ್ಲದ ಕವಿಯಿಲ್ಲ, ಕಳ್ಳನಲ್ಲದ ವರ್ತಕನಿಲ್ಲ, ಮರೆಮಾಡಬಲ್ಲವನು ನಿಂದೆಯಿಲ್ಲದೆ ಬಾಳುವನು ಎಂಬ ನಗೆಮಾತನ್ನು ಅಲ್ಲಿ ಆಡಿದ್ದಾನೆ. ಆ ಸಂದರ್ಭದಲ್ಲಿ ಅವನು ಉದಾಹರಿಸುವ ಒಂದು ಮತವು ಅವನ ಹೆಂಡತಿ, ಚಾಹಮಾನ ಕುಲದ ಅವಂತಿಸುಂದರಿಯದು. ಪರರ ಮಾತನ್ನು ತೆಗೆದುಕೊಳ್ಳುವವನು ತನ್ನ ಮನಸ್ಸಿಗೆ ಯಾವ ಯಾವ ಸಮಾಧಾನಗಳನ್ನು ಹೇಳಿಕೊಳ್ಳುವನೆಂಬುದನ್ನು ಆಕೆ ಒಂದೊಂದಾಗಿ ಬಿಡಿಸಿಟ್ಟಿದ್ದಾಳೆ: ಅವನು ಹೆಸರಿಲ್ಲದವನು, ನಾನು ಹೆಸರುವಾಸಿ, ಅವನ ನುಡಿ ಅಮೃತಬಳ್ಳಿಯಂತೆ ಕಹಿ, ನನ್ನದು ದ್ರಾಕ್ಷಿ, ಅವನು ದೂರದೇಶದವನು. ಗಂಡನ ಗ್ರಂಥದಲ್ಲಿ ಮೂರು ಕಡೆ ಹೆಸರುಗೊಂಡು ಉದ್ಧೃತವಾಗಿರುವ ಈಕೆಯ ಮತಗಳಲ್ಲಿ ಇನ್ನೊಂದು ನಮ್ಮ ವಿಷಯಕ್ಕೆ ಬಹು ಹತ್ತಿರದ್ದು. ಒಂದು ಪದವನ್ನು ತೆಗೆದು ಇನ್ನೊಂದನ್ನು ಇಡಲಾಗದ ಸ್ಥಿತಿಯೇ ಕಾವ್ಯದ ಪಾಕವೆಂದು ವಾಮನನ ಪಂಥದವರು ಹೇಳುತ್ತಿದ್ದರು. ಅದು ಪಾಕವಲ್ಲ, ಅಶಕ್ತಿ, ಎಂದಳು ಅವಂತಿಸುಂದರಿ. ಮಹಾಕವಿಗಳಲ್ಲಿ ಒಂದೇ ವಸ್ತುವಿಗೆ ಹಲವು ಪಾಠಗಳು ಹೊಂದಿ, ಎಲ್ಲವೂ ಪಕ್ವವಾಗಿರುವುದುಂಟಲ್ಲ ಎಂಬುದು ಆಕೆಯ ಯುಕ್ತಿ. ಗೆಳೆಯನು ಒಂದು ಪದವನ್ನು ಬದಲಿಸೆಂದಾಗ ‘ಕೂಡದು, ಇದು ಹೀಗೆಯೇ ಇಳಿದುಬಂತು’ ಎಂದು ಹಟಹಿಡಿಯುವವರಿಗೆ ಇದಕ್ಕಿಂತ ಚುರುಕಾದ ಉತ್ತರವು ಅಲಂಕಾರಶಾಸ್ತ್ರದಲ್ಲಿ ದೊರೆಯುವುದು ಕಷ್ಟ.

ಪಾಕಗಳನ್ನು ಹೆಸರಿಸುವುದಕ್ಕೆ ರಾಜಶೇಖರನು ಹಣ್ಣುಕಾಯಿಗಳನ್ನು ತಂದಿದ್ದಾನೆ. ಮೊದಲಲ್ಲಿಯೂ ಕೊನೆಯಲ್ಲಿಯೂ ರುಚಿಯಿಲ್ಲದುದು ಬೇವು; ಮೊದಲು ಸಪ್ಪೆಯಾಗಿ ಕೊನೆಗೆ ಸವಿಯಾಗುವುದು ದ್ರಾಕ್ಷಿ; ಮೊದಲು ಸಾಧಾರಣವಾಗಿದ್ದು ಕೊನೆಗೆ ಕೆಡುವುದು ಬದನೆ; ಎರಡು ಕಡೆಯೂ ಸಾಧಾರಣವಾದುದು ಹುಣಿಸೆ; ಮೊದಲು ಸವಿಯಾಗಿ ಕೊನೆಗೆ ರುಚಿಗೆಡುವುದು ಅಡಕೆ; ಆದ್ಯಂತವೂ ಸವಿಯಾದುದು ತೆಂಗು. ಎಳಚಿ, ಮಾವು, ಸೌತೆಗಳು ಉಳಿದವು. ಬೇವು, ಬದನೆ, ಅಡಕೆಗಳನ್ನು ಬಿಟ್ಟುಬಿಡಬೇಕು. ಎಳಚಿ, ಹುಣಿಸೆ, ಸೌತೆಗಳನ್ನು ಸಂಸ್ಕರಿಸಬೇಕು. ದ್ರಾಕ್ಷಿ, ಮಾವು, ತೆಂಗುಗಳನ್ನು ಹಾಗೆಯೇ ಗ್ರಹಿಸಬೇಕು. ಅಡಕೆಯನ್ನು ಬೇವಿನ ಸಾಲಿನಲ್ಲಿ ಕೂರಿಸಿದುದನ್ನು ಮಲೆನಾಡಿನವರು ಒಪ್ಪಲಿಕ್ಕಿಲ್ಲ. ಅದು ಹೇಗೂ ಇರಲಿ, ಗೋಷ್ಠಿಯಲ್ಲಿ ಕುಳಿತವನು ಗೆಳೆಯನ ಮನಸ್ಸು ನೋಯದಂತೆ ‘ಇದು ಹುಣಿಸೆ’ ಎಂದು ಹೇಳುವುದಕ್ಕೆ ಒಂದು ನುಡಿಗಟ್ಟು ಸಿದ್ಧವಾಗಿತ್ತು. ಹುಣಿಸೆಯಾದರೆ ತಿದ್ದಲು ಆಸೆಯುಂಟೆಂಬ ಅರ್ಥವೂ ಅದರಲ್ಲಿ ಅಡಗಿತ್ತು.

ಕೇಳುವವನಿಗೂ ಪ್ರತಿಭೆ ಬೇಕೆಂಬುದು ರಾಜಶೇಖರನ ಸಿದ್ಧಾಂತಗಳಲ್ಲಿ ಮುಖ್ಯವಾದುದು. ಕವಿಯದು ಕಾರಯಿತ್ರೀ, ಸಹೃದಯನದು ಭಾವಯಿತ್ರೀ. ಒಂದು ಕಲ್ಲಿನಲ್ಲಿ ಚಿನ್ನವು ಹುಟ್ಟುವುದು, ಅದನ್ನು ಒರೆನೋಡುವ ಕಲ್ಲು ಬೇರೆ. ಭಾವಕರಲ್ಲಿ ನಾಲ್ಕು ಬಗೆ. ಯಾವುದೂ ರುಚಿಸದ ಅರೋಚಕಿ. ಹುಲ್ಲುಸಹಿತ ಎಲ್ಲವನ್ನೂ ನುಂಗುವ ಸತೃಣಾಭ್ಯವಹಾರಿ. ಹೊಳೆಯುವುದೂ ಹೊಳೆಯದಂತೆ ಕಾಣುವ ಮತ್ಸರಿ. ಸಾವಿರದಲ್ಲಿ ಒಬ್ಬನಾದ ತತ್ತ್ವಾಭಿನಿವೇಶಿ. ಅರೋಚಕಿಯಲ್ಲಿಯೂ ಅವನು ಭೇದವನ್ನು ಕಂಡಿದ್ದಾನೆ. ಅರುಚಿಯು ಹುಟ್ಟಿನಿಂದ ಬಂದುದಾದರೆ ನೂರು ಸಂಸ್ಕಾರಗಳಿಂದಲೂ ಹೋಗದು. ತಿಳಿವಿನಿಂದ ಬಂದುದಾದರೆ ನಿಜವಾಗಿ ಮೇಲಾದುದು ಎದುರಾದಾಗ ಅವನೇ ಮೆಚ್ಚುವನು. ಕೆಲವರು ಮಾತಿನಿಂದ ಮೆಚ್ಚುಗೆಯನ್ನು ತೋರುವರು, ಕೆಲವರು ಹೃದಯದಲ್ಲಿಯೇ ಇಟ್ಟುಕೊಳ್ಳುವರು, ಕೆಲವರ ಮೈಯೇ ಹೇಳಿಬಿಡುವುದು ಎಂಬ ವಿಭಾಗವೂ ಅಲ್ಲಿದೆ. ಓಲೆಯ ಮೇಲೆ ಬರೆದ ಕಾವ್ಯಗಳು ಮನೆಮನೆಯಲ್ಲಿಯೂ ಇವೆ, ಭಾವಕನ ಮನಸ್ಸಿನ ಕಲ್ಲಿನಲ್ಲಿ ಕೆತ್ತಲ್ಪಟ್ಟವು ಎರಡೋ ಮೂರೋ ಎಂದು ಹೇಳುವಾಗ ರಾಜಶೇಖರನ ಸ್ವರದಲ್ಲಿ ದುಃಖದ ಎಳೆಯೊಂದು ಕೇಳಿಸುವುದು.

ಕನ್ನಡನಾಡಿನ ವಿಷಯವಾಗಿ ಅವನು ಒಂದು ಮಾತು ಹೇಳಿದ್ದಾನೆ. ಯಾವ ದೇಶದವರು ಕಾವ್ಯವನ್ನು ಹೇಗೆ ಓದುವರೆಂದು ವರ್ಣಿಸುತ್ತ, ರಸ ಯಾವುದೇ ಇರಲಿ, ರೀತಿ ಯಾವುದೇ ಇರಲಿ, ಕರ್ಣಾಟರೆಲ್ಲರೂ ಗರ್ವದಿಂದ, ಕೊನೆಯಲ್ಲಿ ಟಂಕಾರಮಾಡಿ ಓದುವರೆಂದಿದ್ದಾನೆ. ಕಾಶ್ಮೀರದವರ ಓದು ಕಿವಿಗೆ ಅಮೃತಬಳ್ಳಿಯ ರಸವನ್ನು ಹೊಯ್ದಂತೆಂದು ಅಂದವನು ನಮ್ಮವರನ್ನು ಇಷ್ಟಕ್ಕೇ ಬಿಟ್ಟುದು ದಯೆಯೆಂದೇ ಎಣಿಸಬೇಕು. ಆದರೆ ಆ ಗರ್ವದ ಕರ್ಣಾಟರೇ ಅವನಿಗಿಂತ ಅರ್ಧಶತಮಾನ ಮೊದಲು, ಕ್ರಿ.ಶ. ೮೫೦ರ ಸುಮಾರಿನಲ್ಲಿ, ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ವನ್ನು ಬರೆದು ಇದೇ ವಿಷಯವನ್ನು ವಿಚಾರಿಸಿದ್ದರು. ಈ ನಾಡಿನ ಜನರು ಓದಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ನುರಿತವರೆಂಬ ಪ್ರಶಂಸೆಯನ್ನು ಎಲ್ಲರೂ ಬಲ್ಲರು. ಅದರ ಬೆನ್ನಿಗೇ ಬರುವ ಮಾತನ್ನು ಉದಾಹರಿಸುವವರು ವಿರಳ. ಜಾಣರಲ್ಲದವರು ಸಹ, ಅವಗುಣಕ್ಕೆ ಸ್ವಲ್ಪ ಎಡೆಸಿಕ್ಕಿದರೆ ಸಾಕು, ಅದನ್ನೇ ಹಿಡಿದು ಕೃತಿಯನ್ನು ಕೆಟ್ಟದೆಂದು ನುಡಿದುಬಿಡುವರು ಎಂದು ಗ್ರಂಥಕಾರನು ಹೇಳುತ್ತಾನೆ. ಕಿವಿಚುರುಕಾದ ನಾಡಿನಲ್ಲಿ ಕವಿಯಾಗುವುದು ಸುಲಭವಲ್ಲ. ಆದರೂ ಅವನು ಕವಿಯ ಪಕ್ಷವಹಿಸಿ ಕೇಳುಗರನ್ನು ಬೈಯಲಿಲ್ಲ. ಕಣ್ಣಿಗೆ ತನ್ನದೇ ಕಾಡಿಗೆಯು ಕಾಣದಂತೆ ಏನು ಮಾಡಿದರೂ ಕವಿಗೆ ತನ್ನ ದೋಷವು ಕಾಣದೆಂಬ ಹೋಲಿಕೆಯನ್ನು ಕೊಟ್ಟನು. ಕಾಡಿಗೆ ಹರಡಿದೆಯೋ ಇಲ್ಲವೋ ಎಂಬುದನ್ನು ಎದುರಿಗಿರುವವರೇ ಹೇಳಬೇಕಷ್ಟೆ. ಮನೆಯ ಹೆಣ್ಣುಮಕ್ಕಳು ದಿನವೂ ಬಲ್ಲ ಸಂಗತಿಯಿಂದ ತೆಗೆದ ಈ ಹೋಲಿಕೆಯು ರಾಜಶೇಖರನ ತಟಸ್ಥನಿಗಿಂತ ಹತ್ತಿರದ್ದಾಗಿದೆ.

ಇದಕ್ಕೆ ಎದುರಾದ ಸ್ವರವೂ ಕನ್ನಡದಲ್ಲಿಲ್ಲದಿಲ್ಲ. ಕ್ರಿ.ಶ. ೯೯೩ರ ‘ಅಜಿತಪುರಾಣ’ದಲ್ಲಿ ರನ್ನನು, ತನ್ನ ಕೃತಿರತ್ನವನ್ನು ಪರೀಕ್ಷಿಸುವವನಿಗೆ ಎಂಟು ಎದೆಯುಂಟೇ ಎಂದು ಕೇಳಿದನು. ಬಳೆಗಾರರ ಕುಲದಲ್ಲಿ ಹುಟ್ಟಿ ಕವಿಚಕ್ರವರ್ತಿಯಾದವನಿಗೆ ಆ ಗರ್ವವು ಸಲ್ಲುವುದು. ಅವನನ್ನು ಅನುಕರಿಸಿದ ಉಳಿದವರಿಗೆ ಸಂದಿತೋ ಇಲ್ಲವೋ ಎಂಬುದು ಬೇರೆ ಮಾತು. ರನ್ನನಿಗೆ ಮೂವತ್ತನಾಲ್ಕು ವರ್ಷಗಳ ಮೊದಲು, ೯೫೯ರಲ್ಲಿ, ಪಂಪನ ಆಶ್ರಯದಾತನಾದ ಅರಿಕೇಸರಿಯ ವಂಶದವರು ಆಳುತ್ತಿದ್ದ ನಾಡಿನ ಗಂಗಧಾರೆಯಲ್ಲಿ ‘ಯಶಸ್ತಿಲಕ’ವನ್ನು ಮುಗಿಸಿದ ಸೋಮದೇವಸೂರಿಯು ಪರೀಕ್ಷಕರಿಗೆ ಎಂಟೆದೆಯನ್ನು ಬೇಡಲಿಲ್ಲ. ಸ್ವತಃ ಕವಿಯಲ್ಲದವನೂ ಕಾವ್ಯವನ್ನು ಪರೀಕ್ಷಿಸಬಹುದು. ಅಡಿಗೆ ಬಾರದವನಾದರೂ ಉಣ್ಣುವವನಿಗೆ ರುಚಿ ತಿಳಿಯದೇ ಎಂದು ಅವನು ಕೇಳಿದನು. ಕಾವ್ಯಗೋಷ್ಠಿಯ ಬಾಗಿಲನ್ನು ಇಷ್ಟು ಅಗಲವಾಗಿ ತೆರೆದವರು ಹೆಚ್ಚಿಲ್ಲ.

ಅರಸನ ಸಭೆಯ ವಿಚಾರವಾಗಿ ಇಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಹದಿನಾರು ಕಂಬಗಳ ಮಂಟಪದಲ್ಲಿ ಸಂಸ್ಕೃತಕವಿಗಳು ಉತ್ತರಕ್ಕೆ, ಪ್ರಾಕೃತಕವಿಗಳು ಪೂರ್ವಕ್ಕೆ, ಅಪಭ್ರಂಶಕವಿಗಳು ಪಶ್ಚಿಮಕ್ಕೆ, ಭೂತಭಾಷಾಕವಿಗಳು ದಕ್ಷಿಣಕ್ಕೆ ಕೂರಬೇಕೆಂದು ರಾಜಶೇಖರನು ವಿಧಿಸಿದ್ದಾನೆ. ಪಶ್ಚಿಮದ ಸಾಲಿನಲ್ಲಿ ಚಿತ್ರಕಾರ, ಅಕ್ಕಸಾಲಿಗ, ಬಡಗಿ, ಕಮ್ಮಾರರಿಗೂ ಸ್ಥಾನವುಂಟೆಂಬುದು ಸಂತೋಷದ ಸಂಗತಿ. ಆದರೆ ಅಲ್ಲಿ ನಡೆಯುವುದು ಪರೀಕ್ಷೆ. ಗೆದ್ದವನಿಗೆ ಬ್ರಹ್ಮರಥ, ಪಟ್ಟಬಂಧ. ತಿದ್ದಿಕೊಳ್ಳುವುದಕ್ಕೆ ಅದು ಹೊತ್ತಲ್ಲ.

ಮೊದಲೇ ತೋರಿಸದೆ ಹೋದವನ ಪಾಡನ್ನು ಹೇಳುವ ಐತಿಹ್ಯವೊಂದು ಪಂಡಿತರ ಬಾಯಲ್ಲಿ ನಡೆದುಬಂದಿದೆ. ಶ್ರೀಹರ್ಷನು ‘ನೈಷಧ’ವನ್ನು ಮುಗಿಸಿ ಸೋದರಮಾವನಾದ ಮಮ್ಮಟನಿಗೆ ತೋರಿಸಿದನಂತೆ. ಮಮ್ಮಟನು ಓದಿ, ‘ಇದನ್ನು ಸ್ವಲ್ಪ ಮೊದಲೇ ತಂದಿದ್ದರೆ ದೋಷಪ್ರಕರಣಕ್ಕೆ ಉದಾಹರಣೆಗಳನ್ನು ಹುಡುಕುವ ಶ್ರಮವು ನನಗೆ ಉಳಿಯುತ್ತಿತ್ತಲ್ಲ’ ಎಂದನಂತೆ. ಮಮ್ಮಟನು ಹನ್ನೊಂದನೆಯ ಶತಮಾನದವನು, ಶ್ರೀಹರ್ಷನು ಹನ್ನೆರಡನೆಯದರ ಉತ್ತರಾರ್ಧದವನು; ಮಾವನೂ ಅಳಿಯನೂ ಆಗಿರಲು ಕಾಲವು ಒಪ್ಪುವುದಿಲ್ಲ. ಕಥೆಯು ಸುಳ್ಳಾದರೂ ಅದನ್ನು ಕಟ್ಟಿದವರ ಅನುಭವವು ಸುಳ್ಳಲ್ಲ.

ನಿಜವಾಗಿ ನಡೆದ ಒಂದು ಗೋಷ್ಠಿಯ ವೃತ್ತಾಂತವು ಕಾಶ್ಮೀರದಿಂದ ದೊರೆತಿದೆ. ಜಯಸಿಂಹರಾಜನ ಕಾಲದಲ್ಲಿ, ಹನ್ನೆರಡನೆಯ ಶತಮಾನದ ಪೂರ್ವಾರ್ಧದ ಕೊನೆಯ ಭಾಗದಲ್ಲಿ, ಮಂಖನೆಂಬ ಅಧಿಕಾರಿಯು ‘ಶ್ರೀಕಂಠಚರಿತ’ವೆಂಬ ಇಪ್ಪತ್ತೈದು ಸರ್ಗಗಳ ಕಾವ್ಯವನ್ನು ಬರೆದನು. ಶಿವನು ತ್ರಿಪುರಗಳನ್ನು ಸುಟ್ಟ ಕಥೆಯು ಮುಗಿದ ಮೇಲೆ, ಕೊನೆಯ ಸರ್ಗದಲ್ಲಿ ಮಂಖನು ಆ ಕಾವ್ಯವನ್ನು ಹೊತ್ತುಕೊಂಡು ತನ್ನ ಅಣ್ಣ ಅಲಂಕಾರನ ಮನೆಗೆ ಹೋದ ಸಂಗತಿಯನ್ನೇ ವರ್ಣಿಸಿದ್ದಾನೆ. ಅಲಂಕಾರನು ರಾಜನ ಸಂಧಿವಿಗ್ರಹಿ. ಅವನ ಮನೆಯಲ್ಲಿ ಸುಮಾರು ಮೂವತ್ತು ಮಂದಿ ನೆರೆದಿದ್ದರು: ವೈಯಾಕರಣರು, ಮೀಮಾಂಸಕರು, ವೇದಾಂತಿಗಳು, ಕವಿಗಳು. ಮಂಖನ ಗುರುವೂ ‘ಅಲಂಕಾರಸರ್ವಸ್ವ’ದ ಕರ್ತೃವೂ ಆದ ರುಯ್ಯಕನು ಅಲ್ಲಿದ್ದನು. ಕಲ್ಯಾಣನೆಂಬ ಹೆಸರಿನಿಂದ ಅಲ್ಲಿ ಬಂದಿರುವವನು ‘ರಾಜತರಂಗಿಣಿ’ಯ ಕಲ್ಹಣನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕನೋಜದ ಗೋವಿಂದಚಂದ್ರನ ದೂತನಾದ ಸುಹಲನೂ, ಕೊಂಕಣದ ಶಿಲಾಹಾರ ಅಪರಾದಿತ್ಯನ ದೂತನಾದ ತೇಜಕಂಠನೂ ಕುಳಿತಿದ್ದರು. ನಮ್ಮ ಪಡುವಣ ಕರಾವಳಿಯ ಮಗ್ಗುಲಿನ ಒಬ್ಬ ಅರಸನ ಮನುಷ್ಯನು ಹಿಮದ ನಾಡಿನಲ್ಲಿ ಕುಳಿತು ಹೊಸ ಕಾವ್ಯದ ಮೊದಲ ಓದನ್ನು ಕೇಳಿದನೆಂಬುದು ಇತಿಹಾಸದ ಸಣ್ಣ ಸಂಗತಿಯಾದರೂ ಮರೆಯತಕ್ಕದ್ದಲ್ಲ.

ರಾಜಶೇಖರನ ವಿಧಿಗಳೊಡನೆ ಇದನ್ನು ಹೋಲಿಸಿ ನೋಡಿದರೆ ಮಂಖನು ಹೆಚ್ಚು ಕಡಮೆ ಎಲ್ಲವನ್ನೂ ನಡೆಸಿದಂತಿದೆ. ಕಾವ್ಯವು ಮುಗಿದಿತ್ತು. ಕೇಳುವವನು ಒಬ್ಬನಾಗಿರಲಿಲ್ಲ, ಸಾಕ್ಷಿಗಳಿಗೆ ಕೊರತೆಯಿರಲಿಲ್ಲ. ಮನೆ ಅಣ್ಣನದು, ಆದುದರಿಂದ ಭಯಕ್ಕೆ ಎಡೆಯಿಲ್ಲ. ಕೂತವರು ತಮ್ಮ ತಮ್ಮ ಶಾಸ್ತ್ರಗಳಲ್ಲಿ ಗಟ್ಟಿಗರು, ಆದುದರಿಂದ ಮುಖಸ್ತುತಿಗೂ ಎಡೆಯಿಲ್ಲ. ಅವರಲ್ಲಿ ಒಬ್ಬೊಬ್ಬನನ್ನೂ ಹೆಸರುಹಿಡಿದು, ಅವನ ವಿದ್ಯೆಯನ್ನು ಹೊಗಳಿ, ನಮಸ್ಕರಿಸಿ, ಆಮೇಲೆ ಮಂಖನು ಓದಿದನು.

ಆ ಗೋಷ್ಠಿಯ ಫಲವು ಎರಡು ಗ್ರಂಥಗಳಲ್ಲಿ ಉಳಿದಿದೆ. ರುಯ್ಯಕನು ‘ಅಲಂಕಾರಸರ್ವಸ್ವ’ದಲ್ಲಿ ‘ಶ್ರೀಕಂಠಚರಿತ’ದ ಪದ್ಯಗಳನ್ನು ಉದಾಹರಣೆಗಳಾಗಿ ಎತ್ತಿಕೊಂಡಿದ್ದಾನೆ, ಐತಿಹ್ಯದ ಮಮ್ಮಟನು ಅಳಿಯನ ಕಾವ್ಯದಿಂದ ದೋಷಗಳಿಗೆ ಉದಾಹರಣೆ ಬಯಸಿದನು, ಇಲ್ಲಿಯ ಗುರುವು ಶಿಷ್ಯನ ಕಾವ್ಯದಿಂದ ಅಲಂಕಾರಗಳಿಗೆ ತೆಗೆದುಕೊಂಡನು. ಕಲ್ಹಣನು ೧೧೪೮ರಲ್ಲಿ ಆರಂಭಿಸಿದ ‘ರಾಜತರಂಗಿಣಿ’ಯಲ್ಲಿ ಮಂಖನನ್ನು ಅಲಂಕಾರನ ತಮ್ಮನೆಂದು ಹೆಸರಿಸಿ, ಅವನು ಮಠಸಹಿತವಾಗಿ ಶ್ರೀಕಂಠನ ದೇವಾಲಯವನ್ನು ಕಟ್ಟಿಸಿದುದನ್ನು ಬರೆದನು, ಕಾವ್ಯದ ಮಾತನ್ನು ಎತ್ತಲಿಲ್ಲ. ಏಳು ಶತಮಾನಗಳ ಮೇಲೆ, ೧೮೭೫ರಲ್ಲಿ, ಬ್ಯೂಲರ್ ಪಂಡಿತನು ಹಸ್ತಪ್ರತಿಗಳನ್ನು ಅರಸಿ ಕಾಶ್ಮೀರಕ್ಕೆ ಹೋದಾಗ ‘ಶ್ರೀಕಂಠಚರಿತ’ವು ಹೊರಗಿನವರ ಗಮನಕ್ಕೆ ಬಂದಿತು. ಇಪ್ಪತ್ತನಾಲ್ಕು ಸರ್ಗಗಳ ತ್ರಿಪುರದಹನಕ್ಕಿಂತ, ಅಣ್ಣನ ಮನೆಯಲ್ಲಿ ಅಂದು ಕುಳಿತು ಕೇಳಿದವರ ಹೆಸರುಗಳಿರುವ ಆ ಕೊನೆಯ ಸರ್ಗವನ್ನೇ ಇತಿಹಾಸಕಾರರು ಹೆಚ್ಚಾಗಿ ಓದುತ್ತ ಬಂದಿದ್ದಾರೆ.